ಮಣ್ಣಿನ ಕಪ್ಪಿನ ಅಂಚು

ಕೊಪ್ಪದ ನನ್ನ ಶೆಡ್ಡಿನಲ್ಲಿ ಚಹಾ ಕಪ್ಪು ಮಾಡುವಾಗ ನಾನು ಹೆಚ್ಚು ಹೊತ್ತು ಕಳೆಯುವುದು ಅದರ ಅಂಚಿನ ಮೇಲೆ. ತುಟಿ ತಾಗುವ ಜಾಗ ಅದು. ತಿಗರಿ ನಿಧಾನವಾಗಿ ತಿರುಗುತ್ತಿರುವಾಗ ಒದ್ದೆ ಬಟ್ಟೆಯ ಚೂರು ಹಿಡಿದು, ಉಸಿರು ಬಿಗಿಹಿಡಿದು ನುಣುಪು ಮಾಡುತ್ತೇನೆ.

ಆ ಅಂಚಿಗೆ ಅಮ್ಮ ಮಾತ್ರ ತುಟಿ ತಾಗಿಸಿದವಳೇ ಅಲ್ಲ. ಯಾವ ಕಪ್ಪು ಕೊಟ್ಟರೂ ಮೇಲಿಂದ ಎತ್ತಿಯೇ ಕುಡಿಯುವಳು. “ಮಣ್ಣಿನದ್ದು ಎಂಜಲಾದ್ರೆ ತೊಳೆದ್ರೂ ಹೋಗುದಿಲ್ಲ ಮಾರಾಯ್ತಿ” ಎನ್ನುವಳು. “ಹಾಗಾದ್ರೆ ನನ್ನ ಕಪ್ಪು ಮುಟ್ಟಲೇಬೇಡ, ಸ್ಟೀಲ್ ಲೋಟದಲ್ಲೇ ಕುಡಿ” ಎಂದು ಒಮ್ಮೆ ರೇಗಿ ಕಸಿದುಕೊಂಡಿದ್ದೆ. ಅವಳ ಸೀರೆಯ ಮೇಲೆಲ್ಲ ಚಹಾ ಚೆಲ್ಲಿತ್ತು.

ಕೊನೆಯ ದಿನಗಳಲ್ಲಿ ಅವಳ ಕೈ ಮೇಲೇಳಲಿಲ್ಲ. ನಾನೇ ತಲೆ ಎತ್ತಿ ಹಿಡಿದು ಕಪ್ಪನ್ನು ಬಾಯಿಗಿಟ್ಟೆ. ಅಮ್ಮ ಮೊದಲ ಸಲ ಕಚ್ಚಿ ಕುಡಿದಳು. ಚಹಾ ಮುಗಿದ ಮೇಲೂ ತುಟಿಯನ್ನು ಅಂಚಿನ ಮೇಲೆ ಹಾಗೇ ಇಟ್ಟಿದ್ದಳು.

“ಎಷ್ಟು ನುಣ್ಣಗೆ ಮಾಡಿದ್ಯೇ ಕೂಸೇ, ನಂಗೆ ಗೊತ್ತೇ ಇರ್ಲಿಲ್ಲ” ಎಂದಳು.

ಅವಳು ಹೋಗಿ ಎರಡು ವರ್ಷವಾಯಿತು. ದಿನಾ ಅದೇ ಕಪ್ಪಿನಲ್ಲಿ ಚಹಾ ಕುಡಿದು, ತೊಳೆದು ಕವುಚಿಡುತ್ತೇನೆ. ತೊಳೆದರೂ ಹೋಗುವುದಿಲ್ಲ ಎಂದಿದ್ದಳಲ್ಲ, ಆ ಮಾತೊಂದನ್ನೇ ನಂಬಿಕೊಂಡಿದ್ದೇನೆ.