ಬಲೆ ಒಣಗುವ ತನಕ

ನಾನು ಚಿಕ್ಕವಳಿದ್ದಾಗ ಒಂದು ಹಗಲು ಪೂರ್ತಿ ಮನೆಯೊಳಗೆ ಸಿಕ್ಕಿಬಿದ್ದಿದ್ದೆ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಅಂಗಳದಲ್ಲಿ ಬಲೆ ಹರಡಿದ್ದರು, ಅಷ್ಟೇ. ಬಲೆ ಮೀನನ್ನು ಮಾತ್ರ ಹಿಡಿಯುತ್ತದೆ ಅಂದುಕೊಂಡಿದ್ದೀರಿ ಮಕ್ಕಳೇ ನೀವು. ಆವತ್ತು ನಮ್ಮನ್ನು ಹಿಡಿದಿತ್ತು.

ಮರವಂತೆಯಲ್ಲಿ ನಮ್ಮ ಮನೆ ಇದ್ದದ್ದು ಕಡಲಿನ ಅಂಚಿಗೆ. ತೆಂಗಿನ ಮಡಲು ಹೊದಿಸಿದ ಎರಡು ಕೋಣೆ. ಹಿಂದೆ ಹಿತ್ತಿಲು ಇತ್ತಂತೆ, ತೆಂಗಿನ ಮರ ಇತ್ತಂತೆ. ನಾನು ಹುಟ್ಟಿ ಬುದ್ಧಿ ತಿಳಿಯುವಷ್ಟರಲ್ಲಿ ಕಡಲು ಎಲ್ಲವನ್ನೂ ತಿಂದಿತ್ತು. ಹಿಂಬಾಗಿಲು ತೆರೆದರೆ ಕುಸಿದ ಮಣ್ಣಿನ ದರೆ, ಅದರ ಕೆಳಗೆ ನೀರು. ಹೊರಗೆ ಹೋಗಲು ಮುಂದಿನ ಅಂಗಳ ಒಂದೇ ದಾರಿ.

ಅಕ್ಕ ಹೆರಿಗೆಗೆಂದು ಬಂದಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಬಾಣಂತಿಯನ್ನು ಒಳಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಗೋಣಿ ಮುಚ್ಚಿ, ತೆಂಗಿನ ಸಿಪ್ಪೆಯ ಹೊಗೆ ಹಾಕುತ್ತಿದ್ದರು. ಕಣ್ಣು ಉರಿಯುತ್ತಿತ್ತು. ಎಣ್ಣೆ, ಬೆವರು, ಹಾಲು, ಹೊಗೆ ಎಲ್ಲ ಸೇರಿ ಒಂದು ವಾಸನೆ. ತಿನ್ನಲು ಮೆಣಸಿನ ಪುಡಿ ಕಲಸಿದ ಅನ್ನ. ನೀರು ಬಾಯಿ ಒದ್ದೆಯಾಗುವಷ್ಟು ಮಾತ್ರ. ಬಾಣಂತಿ ನೀರು ಕುಡಿದರೆ ಹೊಟ್ಟೆ ಊದುತ್ತದೆ ಎಂದು ಅಜ್ಜಿಯ ಲೆಕ್ಕ.

ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವಳು. ಹೆರಿಗೆಯ ಅಮೆ, ಅಂದರೆ ಸೂತಕ, ಇದ್ದವರನ್ನು ಮುಟ್ಟಿ ಮೀನು ಮುಟ್ಟುವ ಹಾಗಿರಲಿಲ್ಲ. ಅದಕ್ಕೆ ಅಕ್ಕನ ಕೆಲಸಕ್ಕೆ ಅಜ್ಜಿ, ಮಗುವಿನ ತೊಟ್ಟಿಲಿಗೆ ನಾನು. ನಮಗೂ ಅಮೆ ತಗಲಿತು. ನಾವು ಮೂವರೂ ಬಲೆ ತುಳಿಯಬಾರದು, ದಾಟಬಾರದು. ದಾಟಿದರೆ ಆ ಬಲೆಗೆ ಮೀನು ಬೀಳುವುದಿಲ್ಲ ಎಂದು ಇಡೀ ಕೇರಿಯ ನಂಬಿಕೆ.

ಆ ದಿನ ಬೆಳಿಗ್ಗೆಯೇ ಅಪ್ಪ ಬಲೆಯನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ತಂದು ಅಂಗಳದ ಈ ತುದಿಯಿಂದ ಆ ತುದಿಗೆ ಹರಡಿದ್ದರು. ನೂಲಿನ ಬಲೆ. ಕಷಾಯ ಕುಡಿಸಿದರೆ ಬಾಳಿಕೆ ಬರುತ್ತಿತ್ತು. ಹಸಿಯಾಗಿ ಮಡಚಿದರೆ ಕೊಳೆಯುತ್ತಿತ್ತು. ಬಲೆ ನಮ್ಮೊಬ್ಬರದ್ದೇ ಅಲ್ಲ, ನಾಲ್ಕು ಮನೆಯ ಅನ್ನ ಅದು.

ಮಗುವಿಗೆ ಹಿಂದಿನ ದಿನದಿಂದ ಭೇದಿ. ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿರಲಿಲ್ಲ. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಆಮೇಲೆ ಅಳುವುದನ್ನೂ ಬಿಟ್ಟಿತು. ನೆತ್ತಿ ಮುಟ್ಟಿದರೆ ಗುಳಿ. ಹೊಟ್ಟೆ ಕೆಟ್ಟ ಮಗುವಿಗೆ ಹಾಲು ಕೊಡಬಾರದು ಎಂದು ಅಜ್ಜಿ ಮೊಲೆಯನ್ನೂ ಬಿಡಿಸಿದ್ದಳು. ಹಿಂದಿನ ವರ್ಷ ಅಕ್ಕನ ಮೊದಲ ಮಗು ಇದೇ ಕೋಣೆಯಲ್ಲಿ ಹೀಗೆಯೇ ಬತ್ತಿ ಸತ್ತಿತ್ತು. ಅಕ್ಕ ಗೋಡೆ ನೋಡುತ್ತ ಕುಳಿತಿದ್ದಳು.

ಕೇರಿಗೆ ಆಗೀಗ ಒಬ್ಬಳು ನರ್ಸಮ್ಮ ಬರುತ್ತಿದ್ದಳು. ಕೊಕ್ಕರ್ಣೆ ಕಡೆಯವಳು. ಶಾಲೆಯ ಜಗಲಿಯಲ್ಲಿ ಕುಳಿತು ಮಕ್ಕಳನ್ನು ತೂಗುವುದು, ಸೂಜಿ ಹಾಕುವುದು, ಬಸುರಿಯರಿಗೆ ಗುಳಿಗೆ ಕೊಡುವುದು ಅವಳ ಕೆಲಸ. ಆವತ್ತು ಅವಳು ರಸ್ತೆಯಲ್ಲಿ ಹೋಗುವುದು ಕಂಡಿತು. ನಾನು ಬಾಗಿಲಲ್ಲಿ ನಿಂತು ಕೂಗಿದೆ.

"ಹ್ವಾಯ್ ನರ್ಸಮ್ಮಾ! ನಮ್ಮನಿ ಶಿಶು ಕಣ್ ಬಿಡ್ತಿಲ್ಲೆ!"

ಅಜ್ಜಿ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದಳು. "ಊರಿಗೆಲ್ಲ ಡಂಗುರ ಹೊಡಿತಿಯಾ ಹೆಣೆ?"

ನರ್ಸಮ್ಮ ಬಲೆಯ ಆಚೆ ಬಂದು ನಿಂತಳು. ಚಪ್ಪಲಿ ಕಳಚಿ ಕಾಲಿಡಲು ಹೊರಟಾಗ ಅಜ್ಜಿ ಕೂಗಿದಳು. "ಕಾಲ್ ಇಟ್ರೆ ಕಾಣ್! ಊರಿನ್ ಬಾಳಂತಿಯರ್‌ನ್ನೆಲ್ಲ ಮುಟ್ಕಂಡ್ ಬಂದವ್ಳ್ ನೀನ್!"

ಅದು ಸುಳ್ಳಲ್ಲ. ಬಾಣಂತಿಯರನ್ನು ಮುಟ್ಟುವುದೇ ಅವಳ ಕೆಲಸ. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಮೂಲೆಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದರು.

"ಬಲಿ ಒಂಚೂರ್ ಬದಿಗೆ ಸರ್ಸಿ. ಶಿಶು ಸಾಯ್ತ್."

"ಹಸಿ ಇತ್ತ್ ಅಮ್ಮಾ. ನಾಕ್ ಮನಿ ಬಲಿ. ನಾಳೆ ಮೀನ್ ಬೀಳ್ದಿದ್ರೆ ನಾನ್ ಎಂತ ಹೇಳುದ್?" ಅಪ್ಪ ತಲೆ ಎತ್ತಲಿಲ್ಲ.

ನರ್ಸಮ್ಮ ಅಲ್ಲಿಂದ ಕದಲಲಿಲ್ಲ. ಅಪ್ಪ ಹೊಲಿಗೆ ಕೆಳಗಿಟ್ಟರು. ಬಲೆಗೆ ಹೇಳುವವರ ಹಾಗೆ ಹೇಳಿದರು.

"ಕಡ್ಲಿಗೆ ಅಮೆ ಇಲ್ಲೆ. ಈಗ ಇಳ್ತ ಇತ್ತ್."

ಕಡಲಲ್ಲಿ ಮಿಂದರೆ ಅಮೆ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇಳಿತದ ಹೊತ್ತು, ನೀರು ತಗ್ಗಿತ್ತು; ನರ್ಸಮ್ಮ ನೆರೆಮನೆಯ ಬದಿಯಿಂದ ಕಡಲಿಗಿಳಿದಳು. ಅಪ್ಪ ಅವಳ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದರು. ಸೊಂಟದ ತನಕ ನೀರು. ಒಂದು ತೆರೆ ಬಂದು ಅವಳ ಕುತ್ತಿಗೆಯ ತನಕ ತೋಯಿಸಿತು. ನಾನು ಹಿಂಬಾಗಿಲಲ್ಲಿ ಬಗ್ಗಿ ಕೈ ಕೊಟ್ಟೆ. ದರೆ ಹತ್ತಿ ಬಂದವಳ ಸೀರೆಯಿಂದ ನೀರು ಸುರಿದು ಒಲೆಯ ಬೂದಿಯೆಲ್ಲ ಕೆಸರಾಯಿತು. ಅಪ್ಪ ಚೀಲ ಕೊಟ್ಟು, ಒಳಗೆ ನೋಡದೆ, ಬಂದ ದಾರಿಯಲ್ಲೇ ಹೋದರು.

ಅವಳು ಮೊದಲು ಕಿಟಕಿಯ ಗೋಣಿ ಕಿತ್ತಳು. ಮಗುವಿನ ಬಾಯಿ ನೋಡಿದಳು, ಹೊಟ್ಟೆಯ ಚರ್ಮ ಚಿವುಟಿ ನೋಡಿದಳು. ಕುದಿಸಿ ಆರಿಸಿದ ನೀರಿಗೆ ಚೀಲದಲ್ಲಿದ್ದ ಉಪ್ಪು ಸಕ್ಕರೆಯ ಪುಡಿ ಹಾಕಿ ಕದಡಿ ಚಮಚೆಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟಳು. ಮತ್ತೆ ಚೊಂಬು ತುಂಬ ನೀರು ಅಕ್ಕನ ಕೈಗೆ ಕೊಟ್ಟಳು.

"ಕುಡಿ. ನಿನ್ ಮೈಯಂಗೆ ನೀರಿಲ್ದೆ ಹಾಲ್ ಎಲ್ಲಿಂದ ಬಪ್ಪುದ್? ಶಿಶುಗೆ ಹಾಲ್ ನಿಲ್ಸ್‌ಬೇಡ."

ಅಕ್ಕ ಅಜ್ಜಿಯ ಮುಖ ನೋಡಿದಳು. ಅಜ್ಜಿ "ನಾಳೆ ಹೊಟ್ಟಿ ಊದ್ರೆ ಇವ್ಳ್ ಬತ್ಲಾ ಕಾಂಬುಕೆ?" ಎಂದಳು. ಅಕ್ಕ ಚೊಂಬು ಎತ್ತಿದಳು. ಗಂಟಲು ಗಟಗಟ ಎನ್ನುವುದು ನನಗೆ ಕೇಳಿಸಿತು. ಉಸಿರು ತೆಗೆಯದೆ ಕುಡಿದು, "ಇನ್ನೊಂದ್" ಎಂದಳು.

ನರ್ಸಮ್ಮ ಹೊರಡಲು ಎದ್ದಾಗ ಇಳಿತ ಮುಗಿದು ಕಡಲು ಭರತಕ್ಕೆ ತಿರುಗಿ ಏರಿತ್ತು. ತೆರೆ ಬಂದು ದರೆಗೆ ಬಡಿಯುತ್ತಿತ್ತು. ಹಿಂದೆ ನೀರು, ಮುಂದೆ ಬಲೆ. ಈಗ ಅವಳೂ ಸಿಕ್ಕಿಬಿದ್ದಳು.

"ಕಾಣ್, ನಿಂಗೂ ಬಾಳಂತಿ ಕೋಣೆ ಆಯ್ತ್" ಎಂದು ಅಜ್ಜಿ ಮೊದಲ ಸಲ ನಕ್ಕಳು.

ಇಡೀ ಮಧ್ಯಾಹ್ನ ನಾವು ನಾಲ್ಕು ಹೆಂಗಸರು ಆ ಕೋಣೆಯಲ್ಲಿ ಬೆಂದೆವು. ನಾನು ಬಾಗಿಲ ಸಂದಿನಿಂದ ಬಲೆ ಒಣಗಿತೋ ಎಂದು ನೋಡುವುದು, ಮತ್ತೆ ಬಂದು ಕೂರುವುದು. ಬಿಸಿಲು ಸರಿಯುತ್ತಲೇ ಇರಲಿಲ್ಲ. ನರ್ಸಮ್ಮ ಮಗುವನ್ನು ಅಕ್ಕನ ಮೊಲೆಗೆ ಹಿಡಿಯುವಳು, ಚಮಚೆಯಲ್ಲಿ ನೀರು ಬಿಡುವಳು, ಮತ್ತೆ ಮೊಲೆಗೆ ಹಿಡಿಯುವಳು. ಅವಳು ಅಲ್ಲೇ ಇದ್ದದ್ದರಿಂದ ಅಜ್ಜಿಗೆ ಚೊಂಬು ಕಸಿಯಲು ಆಗಲಿಲ್ಲ. ನೀರಿನಲ್ಲಿ ಬಂದವಳು ಅರ್ಧ ಗಳಿಗೆಯಲ್ಲಿ ಹೋಗಿದ್ದರೆ ಮಗು ಉಳಿಯುತ್ತಿರಲಿಲ್ಲ. ಇದು ನನ್ನ ಅಂದಾಜು, ಆದರೆ ಅಜ್ಜಿಯನ್ನು ನಾನು ಬಲ್ಲೆ.

ಸಂಜೆ ಬಿಸಿಲು ಕೆಂಪಾಗುವ ಹೊತ್ತಿಗೆ ನರ್ಸಮ್ಮ "ಅಯ್ಯೋ" ಎಂದಳು. ನಾನು ಬಾಗಿಲಿಂದ ಓಡಿ ಬಂದೆ. ನೋಡಿದರೆ ಅವಳ ಮಡಿಲು ಒದ್ದೆ. ಮಗು ಉಚ್ಚೆ ಹೊಯ್ದಿತ್ತು.

"ಈಗಷ್ಟೇ ಒಣಗಿದ ಸೀರಿ ಮಾರಾಯ್ತಿ" ಎಂದಳು ಅಜ್ಜಿ.

"ಕಡಲ್ ನೀರಿಗಿಂತ ಇದ್ ಲಾಯ್ಕ್ ಇತ್ತ್" ಎಂದಳು ನರ್ಸಮ್ಮ. ಅಕ್ಕ ಗೋಡೆ ಬಿಟ್ಟು ಮಗುವಿನ ಕಡೆ ತಿರುಗಿದಳು.

ಅಪ್ಪ ಒಣಗಿದ ಬಲೆ ಮಡಚಿದರು. ನರ್ಸಮ್ಮ ಅಂಗಳದಲ್ಲೇ ನಡೆದು ಹೋದಳು. ಮರುದಿನ ಬಲೆಗೆ ಎಂದಿನಷ್ಟೇ ಬಂಗುಡೆ ಬಿತ್ತು.

ಆ ಮಗುವೇ ಈಗ ಪೇಟೆಯಲ್ಲಿ ಮೀನು ಇಟ್ಟು, ಚೌಕಾಸಿ ಮಾಡಿದವರಿಗೆ ಬೈಯುವ ನಿಮ್ಮ ದೊಡ್ಡಮ್ಮ.

ನಿಮಗೆ ಅಂಗನವಾಡಿ ಇದೆ, ಅಲ್ಲಿ ಮೊಟ್ಟೆ ಕೊಡುತ್ತಾರೆ. ನಿಮ್ಮ ತಂಗಿ ಆಸ್ಪತ್ರೆಯಲ್ಲಿ ಹುಟ್ಟಿದಳು. ಆಶಾ ಕಾರ್ಯಕರ್ತೆ ಫೋನು ಮಾಡಿ, ಮನೆಗೇ ಬಂದು ತೂಗಿ ಹೋಗುತ್ತಾಳೆ. ಬಲೆ ನೈಲಾನಿನದ್ದು, ಕಷಾಯ ಬೇಡ, ಅಂಗಳಕ್ಕೆ ಬರುವುದೂ ಇಲ್ಲ. ಆದರೂ ಮೊನ್ನೆ ಆಚೆಮನೆಯವಳು ಬಂದು ಬಾಣಂತಿಯಾದ ನಿಮ್ಮ ಅಮ್ಮನ ಹತ್ತಿರ, "ನೀರ್ ಜಾಸ್ತಿ ಕುಡಿಬೇಡ, ಹೊಟ್ಟಿ ಊದತ್ತ್" ಎಂದಳು. ನಿಮ್ಮ ಅಮ್ಮ ಲೋಟ ಕೆಳಗಿಟ್ಟಳು. ಓದಿದವಳು ಅವಳು.

ಅವಳ ಮಂಚದ ಹತ್ತಿರ ಒಂದು ಚೊಂಬು ಇಟ್ಟಿದ್ದೇನೆ. ಯಾರೂ ಎತ್ತಬೇಡಿ. ಆಟಕ್ಕೆ ಹೋಗುವಾಗ ಒಮ್ಮೆ ಬಗ್ಗಿ ನೋಡಿ, ಖಾಲಿಯಾಗಿದ್ದರೆ ತುಂಬಿಸಿ ಹೋಗಿ.