ಐದು ಹುಣಸೆ ಮರಗಳ ಕವಿತೆ

ಹಸಿ ಹುಣಸೆ ಮರವನ್ನು ಕೊಯ್ದರೆ ಹುಳಿ ವಾಸನೆ ಬರುವುದಿಲ್ಲ. ಒದ್ದೆ ಗೋಣಿಚೀಲದ ವಾಸನೆ ಬರುತ್ತದೆ. ಕಳೆದ ತಿಂಗಳು ಬಾಣಾವರದ ಸಾಮಿಲ್ ಮುಂದೆ ಬಸ್ಸು ನಿಂತಾಗ ಅದು ಕಿಟಕಿಯಿಂದ ಒಳಗೆ ಬಂತು. ಸರ್ ನೆನಪಾದರು...

ಅರಸೀಕೆರೆಯ ಕಾಲೇಜಿನಲ್ಲಿ ಅವರು ನಮಗೆ ಕನ್ನಡ ಕಲಿಸುತ್ತಿದ್ದರು. ಮೃದು ಮನುಷ್ಯರಲ್ಲ. ನಾವು ಬರೆದ ಕವಿತೆಯನ್ನು ಇಡೀ ತರಗತಿಯ ಎದುರು ಓದಿ, ಒಂದೊಂದೇ ಸಾಲು ಹೊಡೆದುಹಾಕಿ, "ಇಷ್ಟು ಸಾಕು" ಎಂದು ಹಾಳೆ ವಾಪಸ್ ಕೊಡುತ್ತಿದ್ದರು. ಕೆಲವರು ಅತ್ತದ್ದೂ ಉಂಟು. ಆಧುನಿಕೋತ್ತರ ಕಾವ್ಯದ ಪಾಠದಲ್ಲಿ ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು: ಬರೆದು ಮುಗಿದ ಕವಿತೆ ಓದುವವನದು, ಕವಿಗೆ ಅದರ ಮೇಲೆ ಹಕ್ಕಿಲ್ಲ.

ಹಳೇಬೀಡಿನ ರಸ್ತೆ ಅಗಲ ಮಾಡಲು ಮರಗಳಿಗೆ ಕೆಂಪು ನಂಬರ್ ಬಿತ್ತು. ಸಾಲಾಗಿ ನಿಂತಿದ್ದ ಐದು ಹುಣಸೆ ಮರಗಳ ಮೇಲೆ ಸರ್ ಸುಣ್ಣದಲ್ಲಿ ಕವಿತೆ ಬರೆದರು. ಮರಕ್ಕೊಂದು ಸಾಲು. ಬಕೆಟ್ ಹಿಡಿದವಳು ನಾನು.

ಕೊಡಲಿಯವನೇ, ಬಾ
ನೆರಳಲ್ಲಿ ಕೂತು ನೋಡು
ನಿನ್ನಪ್ಪ ಕೂತಿದ್ದ ಜಾಗ
ಕಡಿದ ಮೇಲೆ ಎಲ್ಲಿ ಕೂರುತ್ತೀ
ಈ ದಾರಿ ನಿನ್ನದೂ ಹೌದು

ಅರಸೀಕೆರೆಯಿಂದ ಬರುವವರಿಗೆ ಒಂದು ಕವಿತೆ, ಹಳೇಬೀಡಿನಿಂದ ಬರುವವರಿಗೆ ತಿರುಗುಮುರುಗಾದ ಇನ್ನೊಂದು. ಬಸ್ಸಿನ ಜನ ಓದಿದರೆ ಸುಮ್ಮನಿರುವುದಿಲ್ಲ, ಮರ ಉಳಿಯುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಆ ದಿನ ಮಾತ್ರ...

ಮರ ಕಡಿಯುವ ಗುತ್ತಿಗೆ ಹಿಡಿದವನು ಅವರ ಹಳೆಯ ವಿದ್ಯಾರ್ಥಿ. ಒಂದು ಬೆಳಿಗ್ಗೆ ಸರ್ ಮತ್ತು ನಾನು ಬಸ್ಸಿನಲ್ಲಿ ಹೋಗಿ ನೋಡಿದರೆ ನಡುವಿನ ಮೂರು ಮರಗಳು ನೆಲದ ಮೇಲಿದ್ದವು. ಮೊದಲನೆಯದು, ಕೊನೆಯದು ಹಾಗೇ ನಿಂತಿದ್ದವು. ಯಾರೋ ಗಟ್ಟಿಯಾಗಿ ಓದಿದರು: "ಕೊಡಲಿಯವನೇ, ಬಾ. ಈ ದಾರಿ ನಿನ್ನದೂ ಹೌದು."

ಕಂಡಕ್ಟರ್ ನಮ್ಮ ಕಡೆ ತಿರುಗಿದ. "ಏನ್ ಸಾರ್, ನೀವೇ ಕರ್ದಿದ್ದೀರಿ, ಬಂದು ಕಡ್ದವ್ರೆ ಬಿಡಿ!"

ಬಸ್ಸಿಡೀ ನಕ್ಕಿತು.

ಇಳಿದೆವು. ಗುತ್ತಿಗೆದಾರ ಓಡಿ ಬಂದು ಕೈಮುಗಿದ. "ಕವಿತೆ ಚೆನ್ನಾಗಿತ್ತು ಸಾರ್. ಒಸಿ ಉದ್ದ ಆಗಿತ್ತು, ತಿದ್ದಿವ್ನಿ. ನೀವೇ ಕಲ್ಸಿದ್ದಲ್ವಾ? ನನ್ ಕವಿತೇಲೂ ಎರಡೇ ಸಾಲು ಉಳ್ಸಿದ್ರಿ. ಜ್ಞಾಪಕ ಐತಾ ಸಾರ್?"

ಸರ್ ಆ ಎರಡು ಮರಗಳನ್ನು ನೋಡಿದರು, ನಮ್ಮ ಹಾಳೆಗಳನ್ನು ನೋಡುತ್ತಿದ್ದ ಹಾಗೆಯೇ. ಬೈಯುತ್ತಾರೆ ಎಂದುಕೊಂಡೆ.

"ಇಷ್ಟು ಸಾಕು," ಎಂದರು.

ಅದು ಸೋಲೋ, ಮೆಚ್ಚುಗೆಯೋ... ಇಂದಿಗೂ ನನಗೆ ತಿಳಿಯದು. ಆಮೇಲೆ ಅವರು ಒಂದು ಸಾಲೂ ಬರೆಯಲಿಲ್ಲ. ಉಳಿದ ಮರಗಳು ಆ ವಾರವೇ ಹೋದವು.

ಬಾಣಾವರದಲ್ಲಿ ಬಸ್ಸು ನಿಂತ ದಿನ ನಾನು ಹೊರಟದ್ದು ಸರ್ ಅವರ ಸಂತಾಪ ಸಭೆಗೆ. ಅಲ್ಲಿ ಗುತ್ತಿಗೆದಾರನೇ ಮುಖ್ಯ ಅತಿಥಿ. ನಮ್ಮ ಗುರುಗಳ ಅಮರ ಕವಿತೆ ಎಂದು ಆ ಎರಡು ಸಾಲು ಹೇಳಿ ಕಣ್ಣೊರೆಸಿಕೊಂಡ. ಜನ ತಲೆದೂಗಿದರು. ಸರ್ ಇಲ್ಲ, ಮರಗಳಿಲ್ಲ. ಉಳಿದಿರುವುದು ಅವನು ತಿದ್ದಿದ ಕವಿತೆ.

ಮರುದಿನ ಬೆಳಿಗ್ಗೆ, ಬೇಲೂರಿನಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ, ಐದೂ ಸಾಲುಗಳನ್ನು ಬೋರ್ಡಿನ ಮೇಲೆ ಬರೆದೆ. ಯಾರದೆಂದು ಹೇಳಲಿಲ್ಲ. ಜಾಣ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಮಧ್ಯದ ಮೂರು ತೆಗೆದ್ರೆ ಸಖತ್ತಾಗಿರತ್ತೆ."

"ಕೂತ್ಕೋ," ಎಂದೆ. "ಐದೂ ಬರ್ಕೊಳ್ಳಿ."

ಗಂಟೆ ಹೊಡೆಯಿತು. ಎಲ್ಲರೂ ಬರೆದು ಮುಗಿಸುವವರೆಗೆ ಬಾಗಿಲಿಗೆ ಅಡ್ಡ ನಿಂತಿದ್ದೆ.