ದೇವೀರಮ್ಮ ಮಿಲ್ ನಿಲ್ಲಿಸಿದ ದಿನ

"ಸಾ, ಇಡೀ ಜಗತ್ತು ಅಂದ್ರೆ ಯಾರ್ಯಾರು?"

ಫೋನ್ ಎತ್ತಿದ ಕೂಡಲೇ ಕಿವಿಗೆ ಬಿದ್ದ ಪ್ರಶ್ನೆ ಇದು. ನಮಸ್ಕಾರ ಇಲ್ಲ, ಹೆಸರಿಲ್ಲ. ವಯಸ್ಸಾದ ಹೆಂಗಸಿನ ದನಿ. ಹಿಂದೆ ಯಾವುದೋ ಯಂತ್ರದ ಗಡಗಡ.

"ಯಾರಮ್ಮ ಮಾತಾಡೋದು?" ಎಂದೆ.

"ಪೇಪರ್ ಓದೋಳು. ಕಳೆದ್ವಾರ ನೀವು ಬರ್ದಿದ್ದೀರಲ್ಲ, 'ಇಡೀ ಜಗತ್ತೇ ಇಂದು ನಮ್ಮ ದೇಶದತ್ತ ನೋಡುತ್ತಿದೆ' ಅಂತ. ಯಾರ್ಯಾರು ನೋಡ್ತಾವ್ರೆ? ನಿಮ್ಗೆ ಯಾರು ಏಳಿದ್ರು?"

(ನಿಜ ಹೇಳುತ್ತೇನೆ. ನನಗೆ ಯಾರೂ ಹೇಳಿರಲಿಲ್ಲ. ಪ್ಯಾರಾ ಮುಗಿಸಲು ಒಂದು ದೊಡ್ಡ ಮಾತು ಬೇಕಿತ್ತು, ಹಾಕಿದ್ದೆ.) ಏನೋ ತೊದಲಿದೆ. ಆಕೆ ಬಿಡಲಿಲ್ಲ. ತನ್ನ ಹೆಸರು ದೇವೀರಮ್ಮ ಎಂದೂ, ಊರಿನಲ್ಲಿ ಹಿಟ್ಟಿನ ಮಿಲ್ ಇದೆಯೆಂದೂ ಹೇಳಿ, "ಈ ಕಡೆ ಬಂದ್ರೆ ಬನ್ನಿ, ಇನ್ನೂ ಕೇಳೋದು ಬೇಕಾದಷ್ಟೈತೆ" ಎಂದು ಫೋನ್ ಇಟ್ಟರು.

ನಾನು ಹುಣಸೂರಿನಲ್ಲಿ ಕೂತು ವಾರಕ್ಕೊಂದು ಅಂಕಣ ಬರೆಯುವವನು. ಓದುಗರು ಫೋನ್ ಮಾಡಿದರೆ 'ಚೆನ್ನಾಗಿತ್ತು ಸಾರ್' ಎನ್ನುತ್ತಾರೆ. ಅಷ್ಟಕ್ಕೇ ಒಗ್ಗಿಹೋದ ಕಿವಿ. ಎರಡು ದಿನ ಸಿಟ್ಟು ಬಂತು. ಮೂರನೇ ದಿನ ಕುತೂಹಲ ಬಂತು.

ಮುಂದಿನ ಗುರುವಾರ ಪಿರಿಯಾಪಟ್ಟಣದಲ್ಲಿ ಕೆಲಸವಿತ್ತು. ದೇವೀರಮ್ಮನ ಊರು ಆ ದಾರಿಯಲ್ಲೇ, ಇಳಿದು ಆಕೆಯನ್ನು ನೋಡಿ ಹೋಗೋಣ ಎಂದುಕೊಂಡೆ. ಬೆಳಿಗ್ಗೆ ಹೊರಡುವ ಮುಂಚೆ ಫೋನಿಗೊಂದು ವಾಯ್ಸ್ ಮೆಸೇಜ್ ಬಂತು. ಗಾಬರಿಯ ದನಿ. ನಮ್ಮ ಕಡೆಗೆ ಮಕ್ಕಳ ಕಳ್ಳರ ತಂಡ ಬಂದಿದೆ, ಗಂಡ ಹೆಂಡತಿ ವೇಷದಲ್ಲಿ ಓಡಾಡುತ್ತಾರೆ, ಒಂದು ಮಗು ಆಗಲೇ ಹೋಗಿದೆ, ದಯವಿಟ್ಟು ಎಲ್ಲರಿಗೂ ತಿಳಿಸಿ. ಅಂಗನವಾಡಿಗೆ ಹೋಗುವ ಮೊಮ್ಮಗಳು ಕಣ್ಣ ಮುಂದೆ ಬಂದಳು. ನನ್ನದೊಂದು ಓದುಗರ ವಾಟ್ಸಾಪ್ ಗ್ರೂಪ್ ಇದೆ, ಸುತ್ತಲ ತಾಲ್ಲೂಕಿನವರೆಲ್ಲ ಇದ್ದಾರೆ. 'ಎಚ್ಚರವಿರಲಿ' ಎಂದು ಬರೆದು ಅದಕ್ಕೆ ಹಾಕಿದೆ. ಬಸ್ ಹತ್ತಿದೆ. ಮರೆತೆ.

ಆ ಊರಿನ ಹೆಸರು ಬರೆಯುವುದಿಲ್ಲ. ಅವತ್ತು ಅಲ್ಲಿ ಆದದ್ದು ನಿಮ್ಮ ಊರಲ್ಲೂ ಆಗಬಹುದಿತ್ತು, ನನ್ನ ಬೀದಿಯಲ್ಲೂ ಆಗಬಹುದಿತ್ತು.

ಮಿಲ್ಲಿಗೆ ಹೋದಾಗ ಕರೆಂಟ್ ಇರಲಿಲ್ಲ. ರಾಗಿ ಚೀಲಗಳು ಸಾಲಾಗಿ ಕೂತಿದ್ದವು, ಅವುಗಳ ಒಡತಿಯರು ಪಕ್ಕದಲ್ಲಿ ಕೂತಿದ್ದರು. ದೇವೀರಮ್ಮ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಹಣೆಯಲ್ಲಿ ವಿಭೂತಿ ಎಲ್ಲಿ ಮುಗಿದು ಹಿಟ್ಟು ಎಲ್ಲಿ ಶುರುವಾಗಿದೆ ಎಂದು ಗೊತ್ತಾಗುತ್ತಿರಲಿಲ್ಲ. ಕೈಯಲ್ಲಿ ಕೆಂಪು ಪೆನ್ನು.

"ಕರೆಂಟ್ ಓದಾಗ್ಲೇ ನಂಗೆ ಪೇಪರ್ರು" ಎಂದು ನಕ್ಕರು. ಗಂಡ ತೀರಿಕೊಂಡ ಮೇಲೆ, ನಲವತ್ತನೇ ವಯಸ್ಸಿನಲ್ಲಿ, ಊರ ಶಾಲೆಯಲ್ಲಿ ದೊಡ್ಡವರಿಗೆ ನಡೆಯುತ್ತಿದ್ದ ಕ್ಲಾಸಿಗೆ ಹೋಗಿ ಅಕ್ಷರ ಕಲಿತವರು. "ನೀವೆಲ್ಲ ಚಿಕ್ಕೋರಾಗಿದ್ದಾಗ್ಲೇ ಕಲ್ತ್ರಿ, ಸರ್ರಂತ ಓದ್ಬುಡ್ತೀರಿ. ನಾನು ಒಂದೊಂದೇ ಪದ ಓದೋಳು. ಅಂಗಾಗಿ ಒಂದೊಂದು ಪದಾನೂ ನಿಲ್ಸಿ ಕೇಳ್ತೀನಿ."

ಪೇಪರ್ ತೋರಿಸಿದರು. ಪುಟ ತುಂಬ ಕೆಂಪು ಗೆರೆ.

"ಈ 'ಮೂಲಗಳು ತಿಳಿಸಿವೆ' ಅಂತಾರಲ್ಲ, ಈ ಮೂಲಗಳು ಅನ್ನೋರು ಯಾವೂರ್ನೋರು ಸಾ? ದಿನಾ ಏನಾರ ಏಳ್ತಾನೇ ಇರ್ತಾರೆ, ಒಂದಿನಾನೂ ಫೋಟೊ ಬರ್ನಿಲ್ಲ."

ಕಾಯುತ್ತಿದ್ದ ಹೆಂಗಸರು ಕಿಸಕ್ಕೆಂದರು.

"ಇಲ್ನೋಡಿ. ಯುದ್ಧ ನಿಂತೋಯ್ತು ಅಂತ ಸೋಮ್ವಾರ ಆಕವ್ರೆ. ಮಂಗ್ಳವಾರ ಅದೇ ಊರ್ ಮ್ಯಾಲೆ ಬಾಂಬ್ ಬಿತ್ತು ಅಂತ ಆಕವ್ರೆ. ನಿಲ್ಸಿದೋನ್ದೂ ಫೋಟೊ ಐತೆ, ಆಕ್ಸಿದೋನ್ದೂ ಫೋಟೊ ಐತೆ. ಸತ್ತೋರ್ದು ಒಂದು ಎಸ್ರೂ ಇಲ್ಲ."

ಇದಕ್ಕೆ ಯಾರೂ ನಗಲಿಲ್ಲ.

ದೇಶದ ಸುದ್ದಿಗೂ ಅದೇ ಪೆನ್ನು. 'ಜನ ಹರ್ಷ ವ್ಯಕ್ತಪಡಿಸಿದ್ದಾರೆ' ಎಂಬಲ್ಲಿ ಒಂದು ಗೆರೆ. 'ವಿರೋಧಿಗಳಿಗೆ ತಕ್ಕ ಉತ್ತರ' ಎಂಬಲ್ಲಿ ಎರಡು. ಜಿಲ್ಲೆಯ ಪುಟದಲ್ಲಿ 'ಗ್ರಾಮಾಂತರ ರಸ್ತೆ ಕಾಮಗಾರಿ ಪೂರ್ಣ' ಎಂಬ ಸಾಲಿನ ಸುತ್ತ ವೃತ್ತವೇ ಬಿದ್ದಿತ್ತು. ನನ್ನ ಪ್ಯಾಂಟಿನ ಮೇಲಿದ್ದ ಕೆಂಪು ಧೂಳನ್ನು ನೋಡಿ, "ನೀವೂ ಅದೇ ರಸ್ತೇಲಿ ತಾನೇ ಬಂದ್ರಿ?" ಎಂದರು.

"ಇಷ್ಟು ಅನುಮಾನ ಇದ್ದರೆ ಪೇಪರ್ ಯಾಕಮ್ಮ ತರಿಸ್ತೀರಿ?"

"ಅನ್ಮಾನ ಇದ್ರೆ ಓದ್ಬಾರ್ದಾ? ರಾಗಿ ತಂದೋರ್ನೂ ಕೇಳ್ತೀನಿ, ಕಲ್ಲು ಆರಿಸಿದ್ದೀರಾ ಅಂತ. ಯಾರೂ ಕ್ವಾಪ ಮಾಡ್ಕಳಲ್ಲ. ಪೇಪರ್ನೋರ್ಗೆ ಮಾತ್ರ ಯಾಕೆ ಕ್ವಾಪ?"

(ಎರಡು ದಿನದ ನನ್ನ ಸಿಟ್ಟು ಈಕೆಗೆ ಹೇಗೆ ಗೊತ್ತಾಯಿತು?)

ಅಷ್ಟರಲ್ಲಿ ಕರೆಂಟ್ ಬಂತು. ಮಿಲ್ ಶುರುವಾಯಿತು. ಆಮೇಲೆ ಮಾತಿಲ್ಲ, ಬರೀ ಸದ್ದು, ಬಿಸಿ ಹಿಟ್ಟಿನ ವಾಸನೆ.

ಹೊರಗೆ ಗಲಾಟೆ ಶುರುವಾದದ್ದು ಆ ಸದ್ದಿನಲ್ಲಿ ನಮಗೆ ಕೇಳಿಸಲೇ ಇಲ್ಲ. ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಹೋದದ್ದು ನೋಡಿ ನಾನೂ ಎದ್ದೆ.

ರಸ್ತೆಯ ಮಧ್ಯೆ ಗಂಡ ಹೆಂಡತಿ ನಿಂತಿದ್ದರು. ಹೆಂಡತಿಯ ಸೊಂಟದಲ್ಲಿ ಮೂರು ವರ್ಷದ ಹೆಣ್ಣುಮಗು, ಕಿರುಚಿ ಅಳುತ್ತಿತ್ತು. ಸುತ್ತ ಹದಿನೈದಿಪ್ಪತ್ತು ಗಂಡಸರು. ಗಂಡನ ಕಾಲರ್ ಒಬ್ಬನ ಕೈಯಲ್ಲಿತ್ತು.

ಹಿಡಿದವನು ಕುಮಾರ. ಮಿಲ್ಲಿನ ಎದುರಿಗೇ ಪಂಕ್ಚರ್ ಅಂಗಡಿ, ವಯಸ್ಸು ಮೂವತ್ತರ ಆಸುಪಾಸು. ಅವನಿಗೂ ಐದು ವರ್ಷದ ಮಗಳಿದ್ದಾಳೆ. ಇದನ್ನು ಹೇಳಲೇಬೇಕು, ಯಾಕೆಂದರೆ ಅವನ ಮುಖದಲ್ಲಿ ನಾನು ಕಂಡದ್ದು ಕೆಟ್ಟತನ ಅಲ್ಲ, ಹೆದರಿಕೆ.

"ಎಲ್ಲಿಂದ ಎತ್ಕಂಡು ಬಂದ್ರಿ ಮಗೀನ? ಬೊಗಳೋ!"

"ನಮ್ದೇ ಮಗು ಅಣ್ಣ... ನಮ್ ಮಗಳು."

"ನೋಡ್ರಲಾ, ಮಗ ಒಂದೇ ಕಾಲ್ಗೆ ಚಪ್ಲಿ ಆಕಂಡೈತೆ! ಎತ್ಕಂಡು ಓಡೋವಾಗ ಇನ್ನೊಂದು ಬಿದ್ದೋಗೈತೆ!" ಎಂದು ಇನ್ನೊಬ್ಬ ಕೂಗಿದ. ಎಲ್ಲರ ಕಣ್ಣೂ ಮಗುವಿನ ಕಾಲಿಗೆ ಹೋಯಿತು. ನಿಜ, ಒಂದು ಕಾಲು ಬರಿದಾಗಿತ್ತು. ಸಾಕ್ಷಿ ಸಿಕ್ಕಂತಾಯಿತು.

ಹೆದರಿದ ಹೆಂಡತಿ ಗಂಡನಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದಳು. "ಕನ್ನಡಾನೇ ಅಲ್ಲ ಕಣ್ಲಾ!" ಎಂದ ಮತ್ತೊಬ್ಬ. ಅದು ಕಾಕನಕೋಟೆ ಕಾಡಿನ ಆದಿವಾಸಿ ಹಾಡಿಗಳ ಮಾತು. ಇದೇ ಜಿಲ್ಲೆಯಲ್ಲಿ, ನಮ್ಮೆಲ್ಲರಿಗಿಂತ ಮುಂಚಿನಿಂದ ಇರುವ ಮಾತು. ನಮ್ಮ ಕಿವಿಗೆ ಮಾತ್ರ ಪರದೇಶದ್ದು.

ಒಬ್ಬ ಬೇಲಿಯಿಂದ ಗೂಟ ಕಿತ್ತ. ಇನ್ನೊಬ್ಬ ಮಗುವನ್ನು ಕಿತ್ತುಕೊಳ್ಳಲು ಕೈ ಚಾಚಿದ. ನಾನು ಏನು ಮಾಡಿದೆ? ಬಾಗಿಲಲ್ಲಿ ನಿಂತಿದ್ದೆ. ಅಷ್ಟೇ. ಇಷ್ಟು ವರ್ಷ ಧೈರ್ಯದ ಬಗ್ಗೆ ಬರೆದವನು ಕಾಲು ಕಿತ್ತಿಡಲಾರದೆ ನಿಂತಿದ್ದೆ.

ಆಗ ಬೆನ್ನ ಹಿಂದೆ ಮಿಲ್ ನಿಂತಿತು. ದೇವೀರಮ್ಮ ಸ್ವಿಚ್ ಆರಿಸಿದ್ದರು.

ಆ ಸದ್ದು ನಿಂತಾಗ ಇಡೀ ಬೀದಿಯೇ ಮಿಲ್ಲಿನತ್ತ ತಿರುಗಿತು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಡೆದು, ಹೆಂಡತಿಯ ಮುಂದೆ ಹೋಗಿ, ಜನರ ಕಡೆ ಮುಖ ಮಾಡಿ ನಿಂತರು.

"ಏನ್ಲಾ ಕುಮಾರ, ಯಾರ ಮಗ ಕಳ್ದೋಗೈತೆ?"

"ಮಕ್ಕಳ ಕಳ್ರು ಬಂದವ್ರೆ ದೊಡ್ಡವ್ವ, ನಿಂಗೊತ್ತಿಲ್ಲ..."

"ಅದಲ್ಲ ನಾನು ಕೇಳಿದ್ದು. ಯಾರ ಮಗ? ಅಪ್ಪನ ಎಸ್ರೇಳು."

"ಪಕ್ಕದೂರ್ದಂತೆ."

"ಪಕ್ಕದೂರು ನನ್ ತವ್ರು. ಯಾರ ಮನೇದು?"

ಕುಮಾರ ಅಕ್ಕಪಕ್ಕ ನೋಡಿದ. ಯಾರಿಗೂ ಗೊತ್ತಿರಲಿಲ್ಲ.

"ಯಾರು ಕಂಡೋರು?"

"ವಾಟ್ಸಾಪಲ್ಲಿ ಬಂದೈತೆ ದೊಡ್ಡವ್ವ!"

"ಯಾರು ಕಳ್ಸಿದ್ದು?"

"ನಮ್ ಬಾಮೈದ. ಚುಂಚನಕಟ್ಟೆಯೋನು."

"ಫೋನ್ ಮಾಡು. ಎಲ್ರಿಗೂ ಕೇಳಂಗೆ ಆಕು. ಅವ್ನು ಕಂಡಿದ್ರೆ ನಾನೇ ದಾರಿ ಬುಡ್ತೀನಿ. ಅಲ್ಲೀವರ್ಗೂ ಮಗಿನ ಮೈ ಮುಟ್ಟುದ್ರೆ ನೋಡಿ."

ಒಂದು ಕೈಯಲ್ಲಿ ಕಾಲರ್, ಇನ್ನೊಂದು ಕೈಯಲ್ಲಿ ಫೋನ್. ಬಾಮೈದನ ದನಿ ಸ್ಪೀಕರಿನಲ್ಲಿ ಬಂತು. "ನಾನೆಲ್ಲಿ ಕಂಡೆ ಭಾವ? ಹುಣಸೂರಿನ ಒಂದು ಗ್ರೂಪಲ್ಲಿ ಬಂತು. ಆದ್ರೆ ಸುಳ್ಳಲ್ಲ. ಪೇಪರಲ್ಲಿ ಬರೀತಾರಲ್ಲ, ಅವ್ರೇ ಆಕವ್ರೆ." ಹೆಸರನ್ನೂ ಹೇಳಿದ.

ನನ್ನ ಹೆಸರು.

ಆ ಗುಂಪಿನಲ್ಲಿ ಯಾರಿಗೂ ನನ್ನ ಗುರುತು ಇರಲಿಲ್ಲ. (ಅಂಕಣದ ಮೇಲಿನ ಫೋಟೊ ತಲೆಯಲ್ಲಿ ಕೂದಲಿದ್ದ ಕಾಲದ್ದು.) ಸುಮ್ಮನಿದ್ದುಬಿಡಬಹುದಿತ್ತು. ದೇವೀರಮ್ಮ ಮಾತ್ರ ನನ್ನತ್ತ ತಿರುಗಿದರು. ಬೈಯಲಿಲ್ಲ. ಜನರಿಗೆ ಹೇಳಲೂ ಇಲ್ಲ. ಸುಮ್ಮನೆ ನೋಡಿದರು. ಕನ್ನಡಕದ ಗಾಜಿನ ಮೇಲೆ ಹಿಟ್ಟು, ಅದರ ಹಿಂದೆ ಎರಡು ಕಣ್ಣು.

ಮೆಟ್ಟಿಲು ಇಳಿದೆ. "ಅದನ್ನು ಹಾಕಿದವನು ನಾನೇ" ಎಂದೆ. "ನಾನು ಏನೂ ಕಂಡಿಲ್ಲ. ಯಾರನ್ನೂ ಕೇಳಲಿಲ್ಲ. ಬಂತು, ಹಾಕಿದೆ. ಅವರನ್ನು ಬಿಡಿ."

ಬಿಡಲಿಲ್ಲ, ತಕ್ಷಣಕ್ಕೆ. ಕುಮಾರ ನನ್ನನ್ನು ನೋಡಿದ, ಫೋನ್ ನೋಡಿದ, ಮತ್ತೆ ನನ್ನನ್ನು ನೋಡಿದ. ನಾನು ಅಲ್ಲೇ ಪೊಲೀಸ್ ಠಾಣೆಗೆ ಫೋನ್ ಮಾಡಿದೆ, ಸ್ಪೀಕರ್ ಹಾಕಿಯೇ. ಫೋನೆತ್ತಿದವರು ಬೇಸರದ ದನಿಯಲ್ಲಿ, "ಯಾವ ಮಗುವೂ ಕಾಣೆಯಾಗಿಲ್ಲ ಸಾರ್, ಬೆಳಿಗ್ಗೆಯಿಂದ ಇದೇ ಕೇಳ್ತಿದ್ದಾರೆ. ಯಾರು ಹಬ್ಬಿಸಿದ್ರೋ!" ಎಂದರು.

ಯಾರು ಹಬ್ಬಿಸಿದರು ಎಂದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕುಮಾರನ ಕೈ ಸಡಿಲವಾಯಿತು. ಗೂಟ ಹಿಡಿದವನು ಅದನ್ನು ಬೇಲಿಗೇ ಸಿಕ್ಕಿಸಲು ನೋಡಿದ, ನಿಲ್ಲಲಿಲ್ಲ, ಅಲ್ಲೇ ಬಿಟ್ಟು ಹೋದ.

ಗಂಡನ ಹೆಸರು ಚಂದ್ರು, ಹೆಂಡತಿ ಪುಷ್ಪ. ಪುಷ್ಪಳ ಅಕ್ಕ ಇದೇ ಊರಾಚೆಯ ಶುಂಠಿ ಹೊಲದಲ್ಲಿ ಕೂಲಿಗೆ ಬಂದವಳು, ಅಲ್ಲೇ ಹೆರಿಗೆಯಾಗಿತ್ತು. ಕೂಸು ನೋಡಲು ಬೆಳಿಗ್ಗೆಯೇ ಹೊರಟು, ಎರಡು ಬಸ್ ಬದಲಿಸಿ ಬಂದಿದ್ದರು. ಚಪ್ಪಲಿ? ಬಸ್ಸಿನ ಕಿಟಕಿಯಿಂದ ಮಗುವೇ ಎಸೆದಿತ್ತು. ಎಸೆದ ಮೇಲೆ ಅದೇ ಬೇಕು ಎಂದು ಅಳು. ಇಷ್ಟೇ ಕತೆ.

ದೇವೀರಮ್ಮ ಅವರನ್ನು ಮಿಲ್ಲಿನೊಳಗೆ ಕೂರಿಸಿ ನೀರು ಕೊಟ್ಟರು. ರಾಗಿ ಚೀಲದ ಹೆಂಗಸೊಬ್ಬಳು ಮನೆಗೆ ಹೋಗಿ ಬಾಳೆಹಣ್ಣು ತಂದಳು. ಕುಮಾರ ಬಾಗಿಲಲ್ಲೇ ನಿಂತಿದ್ದ.

"ತಪ್ಪಾಯ್ತು ಅಣ್ಣ" ಎಂದ ಕೊನೆಗೆ. "ನಮ್ ಮನೇಲೂ ಎಣ್ಮಗ ಐತೆ. ಭಯ ಬಿದ್ಬುಟ್ಟೆ."

"ನಾವೂ ಭಯಾನೇ ಬಿದ್ದಿದ್ದು ಅಣ್ಣ" ಎಂದ ಚಂದ್ರು.

ಪುಷ್ಪ ಕ್ಷಮಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಕೈ ಮುಗಿದೆ, ಅವಳು ಬೇರೆ ಕಡೆ ನೋಡಿದಳು. ಶುಂಠಿ ಹೊಲದವರೆಗೆ ಕುಮಾರನೇ ಅವರ ಬ್ಯಾಗ್ ಹೊತ್ತು ನಡೆದು ಹೋದ.

ಅವರು ಹೋದ ಮೇಲೆ ಕೇಳಿದೆ. "ಪೇಪರ್ ನಂಬದವರು ನೀವು. ಗುರುತು ಪರಿಚಯ ಇಲ್ಲದವರನ್ನು ಹೇಗೆ ನಂಬಿದಿರಿ?"

"ಮಗ ಅಳ್ತಾ ಯಾರ ಕತ್ತು ತಬ್ಕಂಡಿತ್ತು? ಕಿತ್ಕಳಾಕೆ ಅವ್ನು ಕೈ ಚಾಚ್ದಾಗ ಯಾರ ಎದೆ ಒಳೀಕೆ ಮುಖ ಇಟ್ಕತು? ನಾನು ಒಳಗಿಂದ್ಲೇ ನೋಡ್ದೆ ಸಾ. ಅಷ್ಟು ಜನ ಇದ್ರಿ, ಎಲ್ರೂ ಮಗಿನ ಕಾಲ್ ನೋಡುದ್ರಿ. ಕೈ ನೋಡ್ನಿಲ್ಲ."

ಅನುಮಾನ ಎಂದರೆ ಯಾರನ್ನೂ ನಂಬದಿರುವುದು ಎಂದುಕೊಂಡಿದ್ದೆ. ಅವತ್ತು ಬೀದಿಯಲ್ಲಿ ಅನುಮಾನ ಇದ್ದದ್ದು ಇಪ್ಪತ್ತು ಜನಕ್ಕೆ, ಒಬ್ಬ ಚಂದ್ರುವಿನ ಮೇಲೆ. ದೇವೀರಮ್ಮನಿಗೆ ಅನುಮಾನ ಬಂದದ್ದು ಸುದ್ದಿಯ ಮೇಲೆ. ಎರಡೂ ಒಂದೇ ಅಲ್ಲ ಎಂದು ಕಲಿಯಲು ನನಗೆ ಈ ವಯಸ್ಸಾಗಬೇಕಾಯಿತು.

ಬಸ್ಸಿನಲ್ಲಿ ಕೂತು ಗ್ರೂಪಿಗೆ ಬರೆದೆ: ಬೆಳಿಗ್ಗೆ ಹಾಕಿದ್ದು ಸುಳ್ಳು, ತಪ್ಪು ನನ್ನದು, ನೀವು ಯಾರಿಗೆ ಕಳಿಸಿದ್ದೀರೋ ಅವರಿಗೆಲ್ಲ ಇದನ್ನೂ ಕಳಿಸಿ. ಕೆಲವರು ಹೆಬ್ಬೆರಳು ಎತ್ತಿದರು. ಒಬ್ಬರು ಬರೆದರು, 'ಆದರೂ ಎಚ್ಚರ ಇರೋದು ಒಳ್ಳೇದಲ್ವಾ ಸಾರ್?' ಸುಳ್ಳು ಓಡಿದಷ್ಟು ದೂರ ನನ್ನ ತಪ್ಪೊಪ್ಪಿಗೆ ಓಡಲಿಲ್ಲ. ಓಡುವುದೂ ಇಲ್ಲ.

ಹಾಗಂತ ಕೈ ಚೆಲ್ಲಿ ಕೂರಬೇಕಿಲ್ಲ. ಮೊನ್ನೆ ಜೋರು ಮಳೆಯ ದಿನ ನನಗೊಂದು ಫೋನ್ ಬಂತು. ಕುಮಾರ.

"ಸಾ, ಮ್ಯಾಗಡೆ ಡ್ಯಾಮು ಬಿರುಕು ಬುಟ್ಟೈತೆ, ಚುಂಚನಕಟ್ಟೆ ಮುಳುಗ್ತದೆ, ಎಲ್ರಿಗೂ ಕಳ್ಸಿ ಅಂತ ಮೆಸೇಜ್ ಬಂತು. ನಾನು ಕಳಿಸ್ನಿಲ್ಲ. ಬಾಮೈದನ್ನೇ ಕೇಳ್ದೆ. ಗದ್ದೇಲಿ ನಾಟಿ ಆಕಿಸ್ತಾ ನಿಂತವ್ನಂತೆ, ಹೊಳೆ ಎಂಗಿತ್ತೋ ಅಂಗೇ ಐತಂತೆ. ನಿಮ್ಗೂ ಬಂದಿರ್ತದೆ, ಆಕ್ಬುಟ್ಟೀರಿ ಅಂತ ಫೋನ್ ಮಾಡ್ದೆ."

ಬಂದಿತ್ತು. ನನ್ನ ಫೋನಿನಲ್ಲೂ ಕೂತಿತ್ತು. ಹಾಕಿರಲಿಲ್ಲ, ಆದರೆ ನಾನು ಯಾರನ್ನೂ ಕೇಳಿಯೂ ಇರಲಿಲ್ಲ. ಪಂಕ್ಚರ್ ಹಾಕುವ ಕುಮಾರ ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದ. ಇಷ್ಟು ಖುಷಿಯ ಸುದ್ದಿ ಯಾವ ಪೇಪರಿನ ಮುಖಪುಟದಲ್ಲೂ ನಾನು ಈಚೆಗೆ ಓದಿಲ್ಲ.

ಇವತ್ತು ಬೆಳಿಗ್ಗೆ ನಿಮ್ಮ ಫೋನಿಗೆ ಬಂದದ್ದರ ಬಗ್ಗೆ ನೀವು ಯಾರನ್ನು ಕೇಳಿದಿರಿ?